ನಲವತ್ತು ರೆಕಾರ್ಡು, ಒಂದೇ ಉತ್ತರ

ಮೊನ್ನೆ ರಾತ್ರಿ ಊಟ ಮುಗಿಸಿ, ಮೊದಲ ವರ್ಷದ ಎಂಬಿಬಿಎಸ್ ಮಕ್ಕಳ ಫಿಸಿಯಾಲಜಿ ರೆಕಾರ್ಡು ತಿದ್ದೋಕೆ ಕೂತೆ. ಒಂದು ಬ್ಯಾಚು, ನಲವತ್ತು ಪುಸ್ತಕ. ಹಿಮೋಗ್ಲೋಬಿನ್ ಪ್ರಾಕ್ಟಿಕಲ್ ಪುಟಕ್ಕೆ ಬಂದಾಗ ಪೆನ್ನು ಕೆಳಗಿಟ್ಟುಬಿಟ್ಟೆ. ಹುಡುಗಿಯರದ್ದೆಲ್ಲ ಡೆಸಿಲೀಟರ್ ರಕ್ತಕ್ಕೆ 12.5ರಿಂದ 13.5 ಗ್ರಾಂ ಒಳಗೆ. ಹುಡುಗರದ್ದೆಲ್ಲ 14.5ರಿಂದ 15.5. ಒಬ್ಬರದ್ದೂ ಹತ್ತಿಲ್ಲ, ಹನ್ನೊಂದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ, ಅಂದರೆ ಹಿಮೋಗ್ಲೋಬಿನ್ ಕಡಿಮೆ. ಮೆಡಿಕಲ್ ಓದೋ ಮಕ್ಕಳ ಮನೆಯಲ್ಲಿ ಊಟ ತಿಂಡಿಗೆ ಕೊರತೆ ಇರಲಿಕ್ಕಿಲ್ಲ, ಒಪ್ಪಿದೆ. ಆದರೂ ಹಾಸ್ಟೆಲ್‌ನಲ್ಲಿ ತಿಂಡಿ ಬಿಟ್ಟು ಎಂಟು ಗಂಟೆ ಕ್ಲಾಸಿಗೆ ಓಡಿಬರುವ ಅಷ್ಟು ಹುಡುಗಿಯರಲ್ಲಿ ಒಬ್ಬಳಿಗೂ ಕಡಿಮೆ ಇಲ್ಲ ಅಂದರೆ ಹೇಗೆ ನಂಬಲಿ? ಅದೂ ಸಾಹ್ಲಿ ವಿಧಾನದಲ್ಲಿ! ಟ್ಯೂಬಿನ ಬಣ್ಣವನ್ನು ಪಕ್ಕದ ಕಂದು ಗಾಜಿಗೆ ಕಣ್ಣಳತೆಯಲ್ಲಿ ಹೋಲಿಸಿ ನೋಡುವ ಪರೀಕ್ಷೆ ಅದು. ಒಂದೇ ಟ್ಯೂಬನ್ನು ಇಬ್ಬರು ನೋಡಿದರೆ ಎರಡು ಉತ್ತರ ಬರುತ್ತೆ. ಮಕ್ಕಳು ತಮ್ಮ ರಕ್ತ ನೋಡಿ ಬರೆದಿಲ್ಲ, ಪುಸ್ತಕದ ನಾರ್ಮಲ್ ವ್ಯಾಲ್ಯೂ ನೋಡಿ ಬರೆದಿದ್ದಾರೆ.

ಮಕ್ಕಳನ್ನು ಬೈಯೋಕೆ ಇದನ್ನು ಬರೀತಿಲ್ಲ. ಇದನ್ನು ಕಲಿಸಿದವರು ನಾವೇ, ಮೇಷ್ಟ್ರುಗಳು. ಉತ್ತರ ನಾರ್ಮಲ್ ಇಲ್ಲದಿದ್ದರೆ "ಏನಮ್ಮ ಇದು, ಸರಿಯಾಗಿ ಮಾಡು" ಅಂತ ಗದರಿದವರು, ಪರೀಕ್ಷೆಯಲ್ಲಿ ಮಾರ್ಕ್ಸ್ ಕತ್ತರಿಸಿದವರು ನಾವೇ.

ನಾನು ಓದಿದ್ದು ತೊಂಬತ್ತರ ದಶಕದಲ್ಲಿ. ಆಗ ಲ್ಯಾಬಿನಲ್ಲಿ ಕಪ್ಪೆ ಇತ್ತು, ಸ್ನಾಯುವಿನ ಚಲನೆಯನ್ನು ತಿರುಗುವ ಡ್ರಮ್ಮಿನ ಮೇಲೆ ಗೆರೆಯಾಗಿ ಬರೆಯುವ ಕೈಮೋಗ್ರಾಫ್ ಇತ್ತು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಕಂಡುಹಿಡಿದ ಈ ಯಂತ್ರ ಒಂದೂವರೆ ಶತಮಾನ ಕಳೆದ ಮೇಲೂ ನಮ್ಮ ಮೇಜಿನ ಮೇಲೆ ಗಿರ್ರನೆ ತಿರುಗುತ್ತಿತ್ತು. ಹೊಳಪಿನ ಕಾಗದವನ್ನು ಡ್ರಮ್ಮಿಗೆ ಬಿಗಿಯಾಗಿ ಸುತ್ತಿ, ಸೀಮೆಎಣ್ಣೆ ಉರಿಯ ಹೊಗೆಯಲ್ಲಿ ತಿರುಗಿಸುತ್ತ ಮಸಿ ಹಿಡಿಸಬೇಕು. ಅದನ್ನು ನಮಗೆ ಕಲಿಸಿದ್ದು ಪ್ರೊಫೆಸರ್ ಅಲ್ಲ, ಲ್ಯಾಬಿನ ಅಟೆಂಡರ್. "ಒಂದೇ ಕಡೆ ಹಿಡೀಬೇಡವ್ವ, ಸುಟ್ಟೋಯ್ತದೆ. ತಿರುಗಿಸ್ತಾ ಇರು. ಮಸಿ ದಪ್ಪ ಆದ್ರೆ ಮುಳ್ಳು ಓಡಲ್ಲ" ಅನ್ನೋರು. ಎಲ್ಲ ಸರಿಹೋದರೆ, ಕಪ್ಪೆಯ ಕಾಲಿನ ಸ್ನಾಯು ಒಂದು ಸಲ ಜಗ್ಗಿದ್ದು ಕಪ್ಪು ಕಾಗದದ ಮೇಲೆ ಬಿಳಿ ಗುಡ್ಡದ ಹಾಗೆ ಮೂಡೋದು. ಅದರ ಕೆಳಗೆ ಟ್ಯೂನಿಂಗ್ ಫೋರ್ಕ್ ಬರೆದ ಅಲೆಗಳು, ಸೆಕೆಂಡಿಗೆ ನೂರು. ಎಣಿಸಿದರೆ ಇಡೀ ಗುಡ್ಡಕ್ಕೆ ಹತ್ತು ಅಲೆ, ಅಂದರೆ 0.1 ಸೆಕೆಂಡು. ಶಾಕ್ ಕೊಟ್ಟ ಮೇಲೆ ಸ್ನಾಯು ಕದಲುವ ಮೊದಲು ಒಂದು ಅಲೆಯಷ್ಟು ಮೌನ. ಆ ಮೌನವನ್ನು ಕಣ್ಣಾರೆ ನೋಡಿದ ದಿನ ನನಗೆ ಮೈ ಜುಂ ಅಂದಿತ್ತು.

ಆದರೆ ಮೊದಲ ದಿನ ಗುಡ್ಡವೇ ಬರಲಿಲ್ಲ. ಸ್ನಾಯುವಿಗೆ ಶಾಕ್ ಮುಟ್ಟಿಸುವ ನರ ಒಣಗದಂತೆ ರಿಂಗರ್ ದ್ರಾವಣ ಅನ್ನೋ ಲವಣದ ನೀರು ಬಿಡುತ್ತಿರಬೇಕು. ಅದನ್ನು ಮರೆತು ನರ ಒಣಗಿಹೋಗಿತ್ತು. ಡ್ರಮ್ ತುಂಬ ಒಂದು ನೇರ ಗೆರೆ. ಗೆಳತಿಯ ಗ್ರಾಫ್ ನಕಲು ಮಾಡೋಣ ಅಂತಿದ್ದವಳನ್ನು ನಮ್ಮ ಡೆಮಾನ್‌ಸ್ಟ್ರೇಟರ್ ತಡೆದರು. "ಬಂದದ್ದನ್ನೇ ವಾರ್ನಿಶ್ ಮಾಡಿ ಅಂಟಿಸು. ಯಾಕೆ ಬರಲಿಲ್ಲ ಅಂತ ಕೆಳಗೆ ಬರಿ" ಅಂದರು. ಆ ನೇರ ಗೆರೆಯ ಪುಟಕ್ಕೇ ಅವರು ಹೆಚ್ಚು ಮಾರ್ಕ್ಸ್ ಕೊಟ್ಟಿದ್ದು.

ಕಪ್ಪೆ ಲ್ಯಾಬಿನಿಂದ ಹೋಗಿದ್ದಕ್ಕೆ ನನಗೆ ಬೇಸರವಿಲ್ಲ. ಪ್ರತಿ ವರ್ಷ ಗೊತ್ತಿರುವ ಉತ್ತರಕ್ಕೇ ಅಷ್ಟೊಂದು ಜೀವ ತೆಗೆಯೋದು ತಪ್ಪಾಗಿತ್ತು. 2019ರ ಹೊಸ ಪಠ್ಯಕ್ರಮ ಕಪ್ಪೆಯ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ನೋಡಿ ಕಲಿಯಿರಿ ಅನ್ನುತ್ತೆ. ಸರಿ. ಆದರೆ ಪರದೆಯ ಮೇಲಿನ ನರ ಒಣಗಲ್ಲ. ಮಸಿ ದಪ್ಪ ಆಗಲ್ಲ. ಬಟನ್ ಒತ್ತಿದಾಗಲೆಲ್ಲ ಅದೇ ಚಂದದ ಗುಡ್ಡ.

ಆ ರಿಂಗರ್ ದ್ರಾವಣ ಹುಟ್ಟಿದ್ದೇ ಒಂದು ತಪ್ಪಿನಿಂದ. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಅನ್ನೋ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದರು. 1882ರಲ್ಲಿ ಅದನ್ನು ಪ್ರಕಟಿಸಿಯೂ ಆಯಿತು. ಆಮೇಲೆ ಗೊತ್ತಾಯಿತು, ದ್ರಾವಣ ಮಾಡಿದ್ದು ಡಿಸ್ಟಿಲ್ಡ್ ವಾಟರಿನಲ್ಲಲ್ಲ, ನಲ್ಲಿ ನೀರಿನಲ್ಲಿ! ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ ಮಾಡಿದರೆ ಹೃದಯ ಬೇಗನೆ ಸೋತು ನಿಂತಿತು. ರಿಂಗರ್ ಮುಚ್ಚಿಡಲಿಲ್ಲ. ಮರುವರ್ಷವೇ ತಿದ್ದುಪಡಿ ಪ್ರಕಟಿಸಿದರು. ಹೃದಯವನ್ನು ಬಡಿಸುತ್ತಿದ್ದದ್ದು ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ. ಹೃದಯ ಬಡಿಯೋಕೆ ಕ್ಯಾಲ್ಸಿಯಂ ಬೇಕು ಅಂತ ಜಗತ್ತಿಗೆ ತಿಳಿದದ್ದು ಹಾಗೆ. ನಾವು ಇವತ್ತು ಡ್ರಿಪ್ಪಿನಲ್ಲಿ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿರುವುದು ಅವರದ್ದೇ ಹೆಸರು.

ತಪ್ಪೋಕೆ ಅವಕಾಶವಿರುವ ಪ್ರಯೋಗಗಳು ಈಗಲೂ ನಮ್ಮ ಲ್ಯಾಬಿನಲ್ಲಿವೆ. ಇಟಲಿಯ ಆಂಜೆಲೊ ಮೊಸ್ಸೊ ಮಾಡಿದ, ಬೆರಳಿನ ದಣಿವನ್ನು ಗೆರೆಯಾಗಿ ಬರೆಯುವ ಎರ್ಗೊಗ್ರಾಫ್ ನೋಡಿ. ಮುಂಗೈ ಕಟ್ಟಿ, ನಡುಬೆರಳಿನಲ್ಲಿ ತೂಕ ಎತ್ತುತ್ತಾ ಹೋಗಬೇಕು, ಬೆರಳು ಸೋಲುವ ತನಕ. ತೋಳಿಗೆ ಬಿಪಿ ಪಟ್ಟಿ ಕಟ್ಟಿ ರಕ್ತ ತಡೆದರೆ ಎಷ್ಟು ಬೇಗ ಸೋಲುತ್ತೆ ನೋಡಬೇಕು. ಇನ್ನು ಆಗಲ್ಲ ಅನ್ನೋ ಹೊತ್ತಿಗೆ ಗೆಳೆಯರು "ಎತ್ತೋ, ಇನ್ನೊಂದು, ಇನ್ನೊಂದು" ಅಂತ ಹುರಿದುಂಬಿಸಿದರೆ ಗೆರೆ ಮತ್ತೆ ಮೇಲೇಳುತ್ತೆ. ದಣಿವು ಬರೀ ಸ್ನಾಯುವಿನದ್ದಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಇಬ್ಬರ ಗ್ರಾಫ್ ಒಂದೇ ಥರ ಬಂದದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅನೇಕ ಕಡೆ ಈ ಯಂತ್ರ ಬೀರುವಿನೊಳಗೆ ಧೂಳು ತಿನ್ನುತ್ತಿದೆ. ದಯವಿಟ್ಟು ಹೊರಗೆ ತೆಗೆಯಿರಿ.

ನಿನ್ನೆ ಆ ಬ್ಯಾಚಿನ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಎಲ್ಲರೂ ಹೊರಟ ಮೇಲೆ ಒಬ್ಬಳು ಬಾಗಿಲ ಹತ್ತಿರವೇ ನಿಂತಿದ್ದಳು. "ಮೇಡಂ, ನನಗೆ ನಿಜವಾಗಿ ಬಂದಿದ್ದು 8.6. ನಾನೇ ಏನೋ ತಪ್ಪು ಮಾಡಿದೀನಿ ಅಂತ 12.8 ಬರೆದೆ" ಅಂದಳು. ಅಲ್ಲೇ ಮತ್ತೆ ಮಾಡಿಸಿದೆ. ಬೆರಳು ಚುಚ್ಚಿ 20 ಮೈಕ್ರೋಲೀಟರ್ ರಕ್ತ, ಆ್ಯಸಿಡ್, ಹತ್ತು ನಿಮಿಷ ಕಾಯುವುದು. ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ಹನಿ ಹನಿ ನೀರು ಬಿಟ್ಟಳು. ಬಣ್ಣ ಕೂಡಿದಾಗ 8.8. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಾ ಅಂತ ಕೇಳಿದೆ. ಹೌದು ಮೇಡಂ, ಪಿಯುಸಿಯಿಂದಲೂ ಅಂದಳು. ಕೆಳಕಣ್ಣರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು.

ಇವತ್ತು ಬೆಳಿಗ್ಗೆ ಅವಳನ್ನು ಮೆಡಿಸಿನ್ ಒಪಿಡಿಗೆ ಕರೆದುಕೊಂಡು ಹೋಗಿದ್ದೆ. ರೆಕಾರ್ಡಿನಲ್ಲಿ 12.8 ಹೊಡೆದುಹಾಕಿ, ಪಕ್ಕದಲ್ಲಿ 8.8 ಅಂತ ಅವಳೇ ಬರೆದಳು. ಅದರ ಕೆಳಗೆ ಸಹಿ ಹಾಕಿದೆ. ಉಳಿದ ಮೂವತ್ತೊಂಬತ್ತು ಪುಸ್ತಕಗಳಿಗೆ ಇನ್ನೂ ಹಾಕಿಲ್ಲ. ಮಂಗಳವಾರ ಮಧ್ಯಾಹ್ನ ಎಲ್ಲರಿಗೂ ಮತ್ತೆ ಲ್ಯಾಬು.