ಒಬ್ಬ ಗೌರವಾನ್ವಿತ ಪಂಚನ ಹೇಳಿಕೆ

ನನ್ನನ್ನು ಗೌರವಾನ್ವಿತ ವ್ಯಕ್ತಿ ಅಂತ ಇಷ್ಟು ವರ್ಷದಲ್ಲಿ ಯಾರೂ ಕರೆದಿರಲಿಲ್ಲ. ಅಪಾರ್ಟ್‌ಮೆಂಟ್ ಸಂಘದವರು ಕರೆದಿಲ್ಲ, ನಮ್ಮ ಮಾವನವರಂತೂ ಕರೆಯುವ ಪ್ರಶ್ನೆಯೇ ಇಲ್ಲ. ಆ ಯೋಗ ಕೂಡಿ ಬಂದಿದ್ದು ಹೋದ ವರ್ಷ, ಮಿಕ್ಸಿ ಜಾರಿನ ವಾಷರ್ ತರೋಕೆ ಬೆಂಗಳೂರಿನ ಪೇಟೆ ಕಡೆ ಹೋದಾಗ. ವಾಷರ್ ತಗೊಂಡು ಒಂದು ಲಾಡ್ಜಿನ ಕೆಳಗೆ ನಿಂತು ಟೀ ಕುಡಿಯುತ್ತಿದ್ದೆ. ಹಿಂದಿನಿಂದ ಯಾರೋ ಹೆಗಲ ಮೇಲೆ ಕೈ ಹಾಕಿದರು. ತಿರುಗಿದರೆ ಪೊಲೀಸಪ್ಪ.

"ಒಂದೈದು ನಿಮಿಷ ಮೇಲೆ ಬನ್ನಿ ಸಾರ್. ಪಂಚನಾಮೆ ಇದೆ."

"ನಾನು ಈ ಏರಿಯಾದವನಲ್ಲ ಸಾರ್, ನಮ್ಮನೆ ಹನ್ನೆರಡು ಕಿಲೋಮೀಟರ್ ಆಚೆ."

"ಈಗ ಇಲ್ಲೇ ನಿಂತಿದ್ದೀರಲ್ಲ, ಬನ್ನಿ."

ಆಮೇಲೆ ಗೊತ್ತಾಯಿತು, ಇದಕ್ಕೆಲ್ಲ ಕಾನೂನಿದೆ. ವೇಶ್ಯಾವಾಟಿಕೆ ದಂಧೆ ತಡೆಯೋಕೆ ಇರುವ 1956ರ ಅನೈತಿಕ ಸಾಗಣೆ ತಡೆ ಕಾಯ್ದೆ, ಸ್ಟೇಷನ್ ಭಾಷೆಯಲ್ಲಿ ಪೀಟಾ ಆಕ್ಟ್. ಅದರ 15ನೇ ಸೆಕ್ಷನ್ ಪ್ರಕಾರ ವಾರಂಟ್ ಇಲ್ಲದೆ ಶೋಧ ಮಾಡುವಾಗ ಆ ಜಾಗದ ಇಬ್ಬರು ಗೌರವಾನ್ವಿತ ನಿವಾಸಿಗಳನ್ನು ಸಾಕ್ಷಿಗೆ, ಅಂದರೆ ಪಂಚರಾಗಿ, ಕರೆಯಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಸುಮ್ಮಸುಮ್ಮನೆ ಬರಲ್ಲ ಅಂದರೆ ಅದೂ ಅಪರಾಧ. ಇದಕ್ಕೊಂದು ಬಾಲಂಗೋಚಿಯೂ ಇದೆ: ಗಂಡಸು ಸಾಕ್ಷಿ ಅದೇ ಜಾಗದವನಾಗಿರಬೇಕು, ಹೆಂಗಸು ಮಾತ್ರ ಎಲ್ಲಿಂದ ಬಂದರೂ ನಡೆಯುತ್ತದೆ! ಅಂದರೆ ಇಂಥ ಏರಿಯಾದಲ್ಲಿ ಗೌರವಾನ್ವಿತ ಗಂಡಸರು ಬೇಕಾದಷ್ಟು ಸಿಗುತ್ತಾರೆ, ಗೌರವಾನ್ವಿತ ಹೆಂಗಸರನ್ನು ಮಾತ್ರ ಹೊರಗಿನಿಂದ ಆಮದು ಮಾಡಬೇಕಾಗಬಹುದು ಅಂತ ಯಾರೋ ಯೋಚಿಸಿ ಬರೆದಿದ್ದಾರೆ. ಏರಿಯಾದ ಗೌರವಾನ್ವಿತ ಗಂಡಸರು ಅಷ್ಟು ಸುಲಭವಾಗಿ ಹೇಗೆ ಸಿಗುತ್ತಾರೆ, ಅವರು ಆ ಹೊತ್ತಿಗೆ ಅಲ್ಲಿ ಏನು ಮಾಡುತ್ತಿರುತ್ತಾರೆ ಅಂತ ಅವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ನಮ್ಮ ಕೇಸಿನಲ್ಲಿ ಎಲ್ಲ ಉಲ್ಟಾ ಆಗಿತ್ತು. ಹೆಂಗಸು ಸಾಕ್ಷಿ ಪಕ್ಕಾ ಲೋಕಲ್, ಲಾಡ್ಜಿನ ಮೆಟ್ಟಿಲ ಹತ್ತಿರವೇ ಹೂವು ಮಾರುವ ಅಜ್ಜಿ. ಹೊರಗಿನವನು ನಾನು. ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. "ನಂದು ಇದು ಮೂರನೇ ಸಲ ಕಣಪ್ಪಾ. ಬೇಗ ಸೈನ್ ಹಾಕ್ಬುಡು, ಹೂವು ಬಾಡ್ತದೆ" ಅಂದರು.

ಮೇಲೆ ಮೂರು ಹೆಂಗಸರು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಒಬ್ಬ ಗಿರಾಕಿ ಮಂಚದ ಮೇಲೆ ಕೂತು ಬೂಟಿನ ಲೇಸ್ ಕಟ್ಟುತ್ತಿದ್ದ. ಬಹಳ ನಿಧಾನಕ್ಕೆ ಕಟ್ಟುತ್ತಿದ್ದ, ಅದೊಂದು ಕೆಲಸ ಮುಗಿದರೆ ತಲೆ ಎತ್ತಬೇಕಾಗುತ್ತದಲ್ಲ. ಸ್ನೇಹಿತನಿಗೆ ಅಣ್ಣನ ಮದುವೆ ಪತ್ರಿಕೆ ಕೊಡೋಕೆ ಬಂದಿದ್ದೆ ಅಂತ ಹೇಳುತ್ತಿದ್ದ. ಪತ್ರಿಕೆ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಅವನನ್ನು ಹೊರಗೆ ಕರೆದುಕೊಂಡು ಹೋಗಿ "ಮನೆಗೆ ಫೋನ್ ಮಾಡೋಣ್ವಾ?" ಅಂತ ಒಬ್ಬರು ಕೇಳಿದ್ದು ಮಾತ್ರ ಕಿವಿಗೆ ಬಿತ್ತು. ಹತ್ತು ನಿಮಿಷಕ್ಕೆ ಅವನು ಮೆಟ್ಟಿಲು ಇಳಿದು, ನನ್ನ ಹತ್ತಿರ ಟೈಮ್ ಎಷ್ಟು ಅಂತ ಕೇಳಿ, ಆರಾಮಾಗಿ ಆಟೋ ಹತ್ತಿ ಹೋದ. ಮಾರನೇ ದಿನ ಪೇಪರಿನಲ್ಲಿ "ಗಿರಾಕಿ ಪರಾರಿ" ಅಂತ ಇತ್ತು.

ಆ ಆಸಾಮಿಗೆ ಕಾನೂನು ಗೊತ್ತಿದ್ದಿದ್ದರೆ ಅಷ್ಟು ಹೆದರುವ ಅಗತ್ಯವೂ ಇರಲಿಲ್ಲ. ಗಿರಾಕಿಗಳ ಮೇಲೆ ಹಾಕಿದ ಪೀಟಾ ಕೇಸುಗಳನ್ನು ಕರ್ನಾಟಕ ಹೈಕೋರ್ಟ್ ಒಂದಲ್ಲ ಎರಡಲ್ಲ, ಹಲವು ಸಲ ರದ್ದು ಮಾಡಿದೆ. ಬರೀ ಗಿರಾಕಿ ಅನ್ನುವ ಕಾರಣಕ್ಕೆ ಈ ಸೆಕ್ಷನ್‌ಗಳು ಅನ್ವಯಿಸುವುದಿಲ್ಲ ಅಂತ. ಆದರೆ 2025ರಲ್ಲಿ ಕೇರಳ ಹೈಕೋರ್ಟ್ ಬೇರೆ ದಾರಿ ಹಿಡಿಯಿತು. ಹೆಂಗಸು ಅಂಗಡಿಯ ಸರಕಲ್ಲ, ಹಾಗಾಗಿ ಇವನನ್ನು ಗಿರಾಕಿ ಅನ್ನೋಕೂ ಬರಲ್ಲ, ದುಡ್ಡು ಕೊಟ್ಟು ಅವಳನ್ನು ಈ ದಂಧೆಗೆ ಎಳೆಯುವವನು ಇವನೇ, ಕೇಸು ನಡೆಯಲಿ ಅಂತ. ಹೀಗಾಗಿ ಮಂಗಳೂರು ಕಡೆಯವರು ಕೇರಳ ಗಡಿಯ ತಲಪಾಡಿ ಗೇಟಿನಲ್ಲಿ ಟೋಲ್ ಕಟ್ಟುವಾಗಲೇ ತಾನು ಗಿರಾಕಿಯೋ ಆರೋಪಿಯೋ ಅಂತ ತೀರ್ಮಾನ ಮಾಡಿಕೊಳ್ಳಬೇಕು.

ಈಗ ಹೆಂಗಸರ ವಿಷಯಕ್ಕೆ ಬರೋಣ. ಶೋಧಕ್ಕೆ ಬರುವಾಗ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿರಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಒಬ್ಬರಿದ್ದರು. ಇನ್ನೊಬ್ಬರು? "ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ದಾರೆ." ಮಹಜರಿನಲ್ಲಿ ಮಾತ್ರ ಇಬ್ಬರ ಹೆಸರೂ ಇತ್ತು. ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡೇ ಸರ್ಕಾರಿ ಕೆಲಸ ಮುಗಿಸಿದ ಆ ಮಹಾತಾಯಿಗೆ ಒಂದು ಪದಕ ಕೊಡಬೇಕು.

ಹೊತ್ತು ಮುಳುಗಿತ್ತು. ನನಗೆ ಎಲ್ಲೋ ಓದಿದ್ದು ನೆನಪಾಯಿತು. ಸೂರ್ಯಾಸ್ತದ ನಂತರ, ಸೂರ್ಯೋದಯದ ಮುಂಚೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ, ತೀರಾ ಅನಿವಾರ್ಯ ಅಂದರೆ ಮೊದಲು ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಅಪರಾಧ ಕೇಸು ನಡೆಸುವ ಹಳೇ ಸಿಆರ್‌ಪಿಸಿಯಲ್ಲೂ ಇತ್ತು, ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಪಂಚನಿಗೆ ಬಾಯಿ ಇರಬಾರದು, ಆದರೂ ಕೇಳಿಬಿಟ್ಟೆ.

ಎಸ್‌ಐ ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳಿಗೆ ಹೇಳಿದ ಹಾಗೆ ಹೇಳಿದರು. "ಅರೆಸ್ಟ್ ಎಲ್ಲಿ ಮಾಡ್ತಿದೀವಿ ಸಾರ್? ರಕ್ಷಣೆ ಮಾಡ್ತಿದೀವಿ. ರಕ್ಷಣೆಗೆ ಟೈಮಿಂಗ್ ಇಲ್ಲ."

ಗೋಡೆ ಕಡೆ ನಿಂತಿದ್ದವರಲ್ಲಿ ಒಬ್ಬರು, ಮೂವತ್ತೈದರ ಆಸುಪಾಸು, ತಿರುಗಿ ನೋಡಿ "ಮಗೂನ ಟ್ಯೂಷನ್ನಿಂದ ಕರ್ಕೊಂಡು ಬರ್ಬೇಕು ಸಾರ್, ಎಂಟು ಗಂಟೆಗೆ ಬಾಗಿಲು ಹಾಕ್ತಾರೆ" ಅಂದರು.

"ಹತ್ತಮ್ಮ ಗಾಡಿ, ಸ್ಟೇಷನ್ನಲ್ಲಿ ಮಾತಾಡೋಣ."

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ, ಕೆಲವು ಪೊಲೀಸರಿಗೂ, ಇದು ಗೊತ್ತಿಲ್ಲ. ವಯಸ್ಕ ಹೆಂಗಸು ತನ್ನಿಷ್ಟದಿಂದ ದುಡ್ಡಿಗೆ ಲೈಂಗಿಕ ಕೆಲಸ ಮಾಡುವುದು ನಮ್ಮ ದೇಶದಲ್ಲಿ ಅಪರಾಧ ಅಲ್ಲ. ಅಪರಾಧ ಏನಿದ್ದರೂ ಅದರ ಸುತ್ತಮುತ್ತಲಿನದು. ವೇಶ್ಯಾಗೃಹ ನಡೆಸುವುದು, ತಲೆಹಿಡಿಯುವುದು, ಅವಳ ಸಂಪಾದನೆಯಲ್ಲಿ ಬದುಕುವುದು, ಬೀದಿಯಲ್ಲಿ ಕರೆಯುವುದು. ಒಬ್ಬಳೇ ಮನೆಯಲ್ಲಿದ್ದರೆ ಸರಿ. ಧೈರ್ಯಕ್ಕೆ ಇರಲಿ ಅಂತ ಗೆಳತಿಯೊಬ್ಬಳನ್ನು ಸೇರಿಸಿಕೊಂಡು ಇಬ್ಬರೂ ದುಡಿದರೆ ಅದೇ ಮನೆ ವೇಶ್ಯಾಗೃಹ. ಇದರ ಜೊತೆಗೆ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಂದ 200 ಮೀಟರ್ ದೂರ ಇರಬೇಕು. ಬೆಂಗಳೂರಿನಲ್ಲಿ ಗುಡಿ, ಕಾನ್ವೆಂಟು, ಕ್ಲಿನಿಕ್ಕು ಮೂರೂ ಇಲ್ಲದ 200 ಮೀಟರ್ ಜಾಗ ಯಾರಾದರೂ ತೋರಿಸಿದರೆ ನಾನೇ ಅವರ ಕಾಲಿಗೆ ಬೀಳುತ್ತೇನೆ. ಬೆಳ್ಳಂದೂರು ಕೆರೆಯ ನಟ್ಟನಡುವೆ ಸಿಗಬಹುದೇನೋ, ನೊರೆ ಸ್ವಲ್ಪ ಸರಿಸಿದರೆ.

2022ರ ಮೇ 19ರಂದು ಸುಪ್ರೀಂ ಕೋರ್ಟಿನ ಆದೇಶದಲ್ಲೂ ಇದೇ ವಿಷಯ ಬಂತು. ನ್ಯಾಯಮೂರ್ತಿ ನಾಗೇಶ್ವರ ರಾವ್ ಅವರ ಪೀಠ. ಕೋರ್ಟೇ ನೇಮಿಸಿದ ಸಮಿತಿಯ ಶಿಫಾರಸು ಹೀಗಿತ್ತು: ದಾಳಿ ಮಾಡಿದಾಗ ಇಷ್ಟಪಟ್ಟು ಈ ಕೆಲಸ ಮಾಡುವ ವಯಸ್ಕ ಹೆಂಗಸರನ್ನು ಬಂಧಿಸಬೇಡಿ, ದಂಡ ಹಾಕಬೇಡಿ, ಕಿರುಕುಳ ಕೊಡಬೇಡಿ. ತಾಯಿ ಈ ಕೆಲಸದಲ್ಲಿದ್ದಾಳೆ ಅನ್ನುವುದೊಂದೇ ಕಾರಣಕ್ಕೆ ಮಗುವನ್ನು ಬೇರೆ ಮಾಡಬೇಡಿ. ಇವೆರಡಕ್ಕೆ ಕೇಂದ್ರ ಸರ್ಕಾರ ತಕರಾರು ತೆಗೆಯಿತು, ಆ ಆದೇಶದಲ್ಲಿ ಅವು ಶಿಫಾರಸಾಗಿಯೇ ಉಳಿದವು. ಪಾಲಿಸಲೇಬೇಕು ಅಂತ ಕೋರ್ಟ್ ಹೇಳಿದವುಗಳಲ್ಲಿ ಇವು ಇದ್ದವು: ಫೋಟೋ, ಹೆಸರು ಹೊರಗೆ ಬರದ ಹಾಗೆ ನೋಡಿಕೊಳ್ಳಿ. ಕಾಂಡೋಮ್ ಇದ್ದದ್ದನ್ನು ಅಪರಾಧಕ್ಕೆ ಸಾಕ್ಷಿ ಅಂತ ಹಿಡಿಯಬೇಡಿ.

ಆ ಕಾಂಡೋಮ್ ವಿಚಾರ ನಾನು ಕಣ್ಣಾರೆ ಕಂಡೆ. ಕಂಡೆ ಏನು, ಎಣಿಸಿದ್ದೇ ನಾನು. ರೈಟರ್ ಮಹಜರು ಬರೆಯುತ್ತಾ "ಸಾರ್, ನೀವೇ ಎಣಿಸಿ ಹೇಳಿಬಿಡಿ, ಪಂಚರ ಸಮಕ್ಷಮ ಅಂತ ಬರೀಬೇಕಲ್ಲ" ಅಂದರು. ಒಂದೊಂದೇ ಮೇಜಿನ ಮೇಲೆ ಇಟ್ಟೆ. ಹನ್ನೊಂದು ನಿರೋಧ್ ಪ್ಯಾಕೆಟ್. ಎಲ್ಲದರ ಮೇಲೂ ಉಚಿತ ಸರಬರಾಜು, ಮಾರಾಟಕ್ಕಲ್ಲ ಅಂತ ಅಚ್ಚು. ಸರ್ಕಾರದ ಏಡ್ಸ್ ನಿಯಂತ್ರಣದವರು ಇದನ್ನು ಈ ಹೆಂಗಸರಿಗೆ ಕೈಗೆ ಕೊಟ್ಟು, ತಪ್ಪದೆ ಬಳಸಿ ಅಂತ ಕೈಮುಗಿದು ಹೇಳಿ ಹೋಗುತ್ತಾರೆ. ಅದೇ ಸರ್ಕಾರದ ಇನ್ನೊಂದು ಇಲಾಖೆ ಬಂದು ಅದನ್ನೇ ಜಪ್ತಿ ಮಾಡಿ, ಲಕೋಟೆಗೆ ಹಾಕಿ, ಅರಗಿನ ಸೀಲು ಒತ್ತುತ್ತದೆ. ಆರೋಗ್ಯ ಇಲಾಖೆ ಹಂಚಿದ್ದು ಎಷ್ಟು, ಗೃಹ ಇಲಾಖೆ ವಾಪಸ್ ವಸೂಲಿ ಮಾಡಿದ್ದು ಎಷ್ಟು ಅಂತ ವರ್ಷದ ಕೊನೆಗೆ ಇಬ್ಬರೂ ಕೂತು ತಾಳೆ ನೋಡುತ್ತಾರೋ ಏನೋ. ಹನ್ನೊಂದು ಅಂತ ನಾನು ಹೇಳಿದಾಗ ಹೂವಿನ ಅಜ್ಜಿ "ಹೋದ್ಸಲ ಇಪ್ಪತ್ತು ಇತ್ತು" ಅಂದರು, ಮೊಳ ಕಮ್ಮಿ ಬಂದ ಹಾಗೆ.

ಇನ್ನು ವಿಡಿಯೋ. ಶೋಧ, ಜಪ್ತಿ ಎಲ್ಲದರ ವಿಡಿಯೋ ಮಾಡಬೇಕು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಅಂತ ಹೊಸ ಸಂಹಿತೆಯ 105ನೇ ಸೆಕ್ಷನ್. ಒಳ್ಳೆಯ ಕಾನೂನೇ. ಒಬ್ಬ ಹುಡುಗ ಪೇದೆ ಮೊಬೈಲಿನಲ್ಲಿ ಚಕಾಚಕ್ ಅಂತ ಮಾಡಿಕೊಂಡ. ಮ್ಯಾಜಿಸ್ಟ್ರೇಟರಿಗೆ ಯಾವಾಗ ತಲುಪಿತೋ ನನಗೆ ಗೊತ್ತಾಗುವ ಹಾಗಿಲ್ಲ, ನಾನು ಬಸ್ಸಿಳಿದು ಮನೆ ತಲುಪುವಷ್ಟರಲ್ಲಿ ಟಿವಿಯಲ್ಲಿ ಬರುತ್ತಿತ್ತು. "ಹೈಟೆಕ್ ಅಡ್ಡೆ ಮೇಲೆ ಭರ್ಜರಿ ರೇಡ್!" ಅಂತ. ಹೈಟೆಕ್ ಅಂತೆ! ಆ ರೂಮಿನಲ್ಲಿ ಫ್ಯಾನಿಗೆ ರೆಗ್ಯುಲೇಟರ್ ಕೂಡ ಇರಲಿಲ್ಲ. ಮೂವರೂ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದರು, ಕ್ಯಾಮೆರಾ ದುಪಟ್ಟಾದ ಸಂದಿಯಲ್ಲಿ ಕಣ್ಣು ಹುಡುಕುತ್ತಿತ್ತು. ಲಾಡ್ಜಿನ ಮ್ಯಾನೇಜರ್ ಕಾಣಲಿಲ್ಲ. ಗಿರಾಕಿ ಕಾಣಲಿಲ್ಲ. ನನ್ನ ಮೊಣಕೈ ಮತ್ತು ವಾಷರ್ ಇದ್ದ ಕವರು ಮಾತ್ರ ಎರಡು ಸೆಕೆಂಡ್ ಸ್ಪಷ್ಟವಾಗಿ ಬಂತು. ನನ್ನ ಹೆಂಡತಿ ಕವರು ಗುರುತು ಹಿಡಿದಳು. ಆ ರಾತ್ರಿ ನಾನು ಪಂಚ ಅಷ್ಟೇ, ಗಿರಾಕಿ ಅಲ್ಲ ಅಂತ ಸಾಬೀತು ಮಾಡೋಕೆ ನನಗೆ ಯಾವ ಸೆಕ್ಷನ್ನೂ ಸಹಾಯಕ್ಕೆ ಬರಲಿಲ್ಲ.

ನಿದ್ದೆ ಬರದೆ ಕಾಯ್ದೆಯನ್ನೇ ಡೌನ್‌ಲೋಡ್ ಮಾಡಿ ಓದಿದೆ. ಓದಿದ ಮೇಲೆ ಇನ್ನೂ ನಿದ್ದೆ ಬರಲಿಲ್ಲ. ವೇಶ್ಯಾಗೃಹ ನಡೆಸಿದವನಿಗೆ ಮೊದಲ ಸಲಕ್ಕೆ ಶಿಕ್ಷೆ ಒಂದು ವರ್ಷದಿಂದ ಮೂರು ವರ್ಷ. ಅದು 3ನೇ ಸೆಕ್ಷನ್. ಸರಿ, ನ್ಯಾಯ. ಹಾಗೇ ಕೆಳಗೆ ಬಂದರೆ 17ನೇ ಸೆಕ್ಷನ್. ಅಲ್ಲಿಂದ ರಕ್ಷಣೆ ಮಾಡಿ ತಂದ ಹೆಂಗಸಿಗೆ ಆರೈಕೆ ಬೇಕು ಅಂತ ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ ರಕ್ಷಣಾ ಗೃಹದಲ್ಲಿ ಇಡಬಹುದು. ಎಷ್ಟು ದಿನ? ಒಂದು ವರ್ಷಕ್ಕೆ ಕಮ್ಮಿ ಇಲ್ಲ, ಮೂರು ವರ್ಷಕ್ಕೆ ಜಾಸ್ತಿ ಇಲ್ಲ.

ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಅದೇ ಲೆಕ್ಕ. ತಪ್ಪು ಮಾಡಿದವನಿಗೂ ಒಂದರಿಂದ ಮೂರು, ಅವನಿಂದ ಪಾರಾದವಳಿಗೂ ಒಂದರಿಂದ ಮೂರು. ವ್ಯತ್ಯಾಸ ಏನಪ್ಪಾ ಅಂದರೆ ಅವನು ಆರೋಪಿ, ಹಾಗಾಗಿ ಅವನಿಗೆ ವಕೀಲರುಂಟು, ಜಾಮೀನುಂಟು. ಇವಳು ಆರೋಪಿ ಅಲ್ಲವಲ್ಲ, ಇವಳಿಗೆ ಜಾಮೀನು ಯಾವುದರಿಂದ ಕೊಡೋದು?

ಇದು ಬರೀ ಪುಸ್ತಕದಲ್ಲಿರುವ ಮಾತಲ್ಲ. 2019ರಲ್ಲಿ ಮುಂಬೈಯ ಮಲಾಡ್‌ನಲ್ಲಿ ಹೀಗೇ ಮೂವರನ್ನು ರಕ್ಷಿಸಿದರು. ವಯಸ್ಕರು. ಒಂದು ವರ್ಷ ಉತ್ತರ ಪ್ರದೇಶದ ಗೃಹದಲ್ಲಿ ಇಡಿ ಅಂತ ಮ್ಯಾಜಿಸ್ಟ್ರೇಟ್ ಆದೇಶ ಆಯಿತು. ಅವರು ಬಾಂಬೆ ಹೈಕೋರ್ಟಿಗೆ ಹೋದರು. 2020ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪೃಥ್ವಿರಾಜ್ ಚವಾಣ್, ಈ ಹೆಂಗಸರು ವಯಸ್ಕರು, ಎಲ್ಲಿ ಬೇಕಾದರೂ ಇರುವ ಹಕ್ಕು ಅವರಿಗಿದೆ, ಅವರಿಷ್ಟಕ್ಕೆ ವಿರುದ್ಧವಾಗಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಬಿಡಿಸಿದರು. ಹಿಡಿದಿದ್ದು ಒಂದು ಸಂಜೆ, ರಕ್ಷಣೆಯಿಂದ ಬಿಡಿಸೋಕೆ ಹೈಕೋರ್ಟ್, ಒಂದು ವರ್ಷದ ಮೇಲೆ.

ಹಕ್ಕುಗಳು ಇವೆ ಸ್ವಾಮಿ, ಇಲ್ಲ ಅಂತಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವೆಯವರು ಸಿಗುತ್ತಾರೆ. ಆದರೆ ರಕ್ಷಣೆ ಮಾಡಿದ ಕೂಡಲೇ ಮೊದಲು ತಗೊಳ್ಳುವುದೇ ಅವರ ಫೋನು. ನಾನು ಸೈನ್ ಮಾಡಿದ ಮಹಜರಿನಲ್ಲಿ ಮೂರು ಮೊಬೈಲ್, 4,200 ರೂಪಾಯಿ ನಗದು ಅಂತ ಬರೆದಿತ್ತು. ಎಣಿಸುವಾಗ ಇನ್ನೂ ಸ್ವಲ್ಪ ಜಾಸ್ತಿ ಇದ್ದ ಹಾಗೆ ನೆನಪು. ನಾನು ಕಾಂಡೋಮ್ ಎಣಿಸಿದ್ದು, ದುಡ್ಡು ಎಣಿಸಿದ್ದು ಬೇರೆಯವರು.

ವಾಷರ್ ಸೈಜು ಸರಿ ಇರಲಿಲ್ಲ. ಎರಡು ವಾರದ ಮೇಲೆ ಬದಲಾಯಿಸೋಕೆ ಮತ್ತೆ ಪೇಟೆಗೆ ಹೋದೆ. ಲಾಡ್ಜು ಓಪನ್ ಆಗಿತ್ತು. ಬೋರ್ಡಿಗೆ ಹೊಸ ಬಣ್ಣ, ಹೊಸ ಹೆಸರು, ಕೌಂಟರಿನಲ್ಲಿ ಅದೇ ಮ್ಯಾನೇಜರ್ ಊದುಬತ್ತಿ ಹಚ್ಚುತ್ತಿದ್ದ. ಜಾಮೀನು ಮೂರನೇ ದಿನಕ್ಕೇ ಆಗಿತ್ತಂತೆ. ಅಜ್ಜಿ ನನ್ನನ್ನು ಗುರುತು ಹಿಡಿದು, ಗೌರವದಿಂದ ಒಂದು ಮೊಳ ಮಲ್ಲಿಗೆ ಜಾಸ್ತಿಯೇ ಅಳೆದರು.

"ಅಜ್ಜಿ, ಆ ಟ್ಯೂಷನ್ ಮಗು ತಾಯಿ ಬಂದ್ರಾ?"

"ಇಲ್ಲ ಕಣಪ್ಪಾ" ಅಂದರು, ದಾರ ಕಚ್ಚಿ ಹರಿಯುತ್ತಾ. "ಅವಳಿನ್ನೂ ರಕ್ಷಣೇಲೇ ಅವಳೆ."