ರಾಗಿ ದೋಸೆಯಲ್ಲಿ ಕಾರ್ಬ್ ಇಲ್ಲ ಅನ್ನೋದು ತಪ್ಪು

'ರಾಗಿ ದೋಸೆಯಲ್ಲಿ ಕಾರ್ಬ್ ಇಲ್ಲ, ಲೋ ಕಾರ್ಬ್ ಡಯಟ್‌ನವರು ಹೊಟ್ಟೆ ತುಂಬಾ ತಿನ್ನಬಹುದು' ಅಂತ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಆಹಾರದಲ್ಲಿನ ಪಿಷ್ಟ, ಸಕ್ಕರೆಯ ಅಂಶ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇರುತ್ತದೆ, ಅಕ್ಕಿಯಲ್ಲಿ 78ರ ಆಸುಪಾಸು, ಅಷ್ಟೇ ವ್ಯತ್ಯಾಸ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ ಅನ್ನೋದು ನಿಜ, ಆದರೆ ಅದು ಬೇರೆ ಮಾತು. ದರ್ಶಿನಿಗಳ ರಾಗಿ ದೋಸೆ ಹಿಟ್ಟಿಗೆ ಎಷ್ಟೋ ಕಡೆ ಅಕ್ಕಿಯೂ ಸೇರಿರುತ್ತದೆ, ಮಸಾಲೆ ದೋಸೆ ಆದರೆ ಒಳಗೆ ಆಲೂಗಡ್ಡೆ ಪಲ್ಯ ಬೇರೆ. ಕಾರ್ಬ್ ಕಡಿಮೆ ಮಾಡಲೇಬೇಕು ಅಂದರೆ ಆಮ್ಲೆಟ್ ತಿನ್ನಿ, ಒಂದು ಮೊಟ್ಟೆಯಲ್ಲಿ ಒಂದು ಗ್ರಾಂ ಕಾರ್ಬ್ ಕೂಡ ಇಲ್ಲ. ಮೊಟ್ಟೆ ತಿನ್ನದವರು ಈರುಳ್ಳಿ, ಕ್ಯಾಪ್ಸಿಕಂ ಹಾಕಿ ಪನೀರ್ ಬುರ್ಜಿ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಮಾತ್ರ ಡಾಕ್ಟರನ್ನು ಕೇಳದೆ ಸುಮ್ನೆ ಕಾರ್ಬ್ ಬಿಡಬೇಡಿ, ಶುಗರ್ ಏಕಾಏಕಿ ಇಳಿದುಬಿಡಬಹುದು.