ಎರಡನೆಯ ಬಂಡಿ

ನನಗೆ ಐವತ್ತೊಂದು ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕಪರಿಶೋಧನೆಯ ಕೆಲಸ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ. ಇರುವುದು ರೋಲರ್ ಕೋಸ್ಟರ್ ಚಾಳಿ ಒಂದೇ. ನನ್ನ ಓರಗೆಯ ಹೆಂಗಸರು ಭಜನಾ ಮಂಡಳಿ ಸೇರುತ್ತಿರುವ ಹೊತ್ತಿನಲ್ಲಿ ನಾನು ತಿಂಗಳಿಗೊಂದು ಭಾನುವಾರ ಊರ ಹೊರಗಿನ ಮನರಂಜನಾ ಉದ್ಯಾನಕ್ಕೆ ಹೋಗಿ, ತಲೆಕೆಳಗಾಗಿ ನೇತಾಡಿ ಬರುತ್ತೇನೆ. ಉದ್ಯಾನದ ಹೆಸರು ಬರೆಯುವುದಿಲ್ಲ. ಬರೆದರೆ ಗೇಟಿನಲ್ಲಿಯೇ ತಡೆದಾರು ಎಂಬ ಭಯ ಒಂದು ಕಡೆ. ಎಷ್ಟಾದರೂ ನಮ್ಮದಲ್ಲವೇ ಎಂಬ ಮಮತೆ ಇನ್ನೊಂದು ಕಡೆ. ತವರಿನ ಮೇಲೆ ಸಿಟ್ಟು ಬಂದರೆ ನಾದಿನಿಯ ಮುಂದೆ ಹೇಳಿಕೊಳ್ಳಲಾಗುತ್ತದೆಯೇ?

ನಮ್ಮ ಯಜಮಾನರಿಗೆ ಎರಡನೆಯ ಮಹಡಿಯಲ್ಲಿ ಬಟ್ಟೆ ಒಣಹಾಕಲು ಹೇಳಿದರೂ ತಲೆ ಸುತ್ತುತ್ತದೆ. ಹಾಗಾಗಿ ಉದ್ಯಾನದಲ್ಲಿ ಅವರದು ಚೀಲ ಕಾಯುವ ಹುದ್ದೆ. ರೋಲರ್ ಕೋಸ್ಟರಿನ ಎದುರಿಗೆ ಒಂದು ಹೊಂಗೆ ಮರ, ಅದರ ಸುತ್ತ ಸಿಮೆಂಟ್ ಕಟ್ಟೆ. ಆ ಕಟ್ಟೆಯ ಮೇಲೆ ಕುಳಿತು ಅವರು ಈವರೆಗೆ ಓದಿ ಮುಗಿಸಿದ ಕಾದಂಬರಿಗಳನ್ನು ಒಂದರ ಮೇಲೊಂದು ಪೇರಿಸಿದರೆ ನನ್ನ ಸೊಂಟ ಮುಟ್ಟುತ್ತದೆ. ಸಾಲು ಎಷ್ಟು ನಿಧಾನ ಎಂಬುದಕ್ಕೆ ನನ್ನ ಬಳಿ ಇರುವ ಮೊದಲ ಸಾಕ್ಷ್ಯ ಇದು.

ಎರಡನೆಯ ಸಾಕ್ಷ್ಯ, ಹಸಿರು ರಟ್ಟಿನ ಒಂದು ಪುಸ್ತಕ. ಲೆಕ್ಕ ಬರೆಯುವವಳನ್ನು ಸಾಲಿನಲ್ಲಿ ಸುಮ್ಮನೆ ನಿಲ್ಲಿಸಬಾರದು, ಅವಳು ಎಣಿಸತೊಡಗುತ್ತಾಳೆ. ಬಂಡಿಯಲ್ಲಿ 24 ಆಸನ. ಜನರನ್ನು ಹತ್ತಿಸಿ, ಎದೆಯ ಮೇಲಿನ ಕಂಬಿ ಬಿಗಿದು, ಎಳೆದು ನೋಡಿ, ಓಡಿಸಿ, ಇಳಿಸುವ ಹೊತ್ತಿಗೆ ಐದು ನಿಮಿಷ. ಅಂದರೆ ಗಂಟೆಗೆ ಹನ್ನೆರಡು ಸುತ್ತು, 288 ಜನ. ನನ್ನ ಮುಂದೆ ನಿಂತವರು ಸುಮಾರು ನಾನೂರು. ಭಾಗಿಸಿ ನೋಡಿ, ಒಂದು ಗಂಟೆ ಇಪ್ಪತ್ತು ನಿಮಿಷ ದಾಟುತ್ತದೆ. ಹೊರಗಿನ ಫಲಕದಲ್ಲಿ ಮಾತ್ರ ವರ್ಷವಿಡೀ ‘ಕಾಯುವ ಸಮಯ 30 ನಿಮಿಷ’. ಅದನ್ನು ಬಣ್ಣದಲ್ಲಿ ಬರೆಸಿಬಿಟ್ಟಿದ್ದಾರೆ, ಬದಲಾಯಿಸುವ ಉದ್ದೇಶವೇ ಇದ್ದಂತಿಲ್ಲ.

ಆ ಐದು ನಿಮಿಷದಲ್ಲಿ ಓಟ ಎಷ್ಟು ಎಂದು ಕೇಳಿ. ಎಂಬತ್ತು ಸೆಕೆಂಡು. ಉಳಿದದ್ದೆಲ್ಲ ಚಪ್ಪಲಿ. ಹತ್ತುವ ಮೊದಲು ಚಪ್ಪಲಿ ಕಳಚಿ ಪಕ್ಕದ ಕಪಾಟಿನಲ್ಲಿಡಬೇಕು. ಕಪಾಟು ಈಚೆಯ ದಡದಲ್ಲಿ, ಇಳಿಯುವುದು ಆಚೆಯ ದಡದಲ್ಲಿ. ಇಳಿದವರು ಬರಿಗಾಲಿನಲ್ಲಿ ಸುತ್ತಿ ಬಂದು, ಹತ್ತುವವರ ನಡುವೆ ತೂರಿ, ‘ನೀಲಿ ಪಟ್ಟಿಯದು, ನೀಲಿ ಪಟ್ಟಿಯದು’ ಎಂದು ತಡಕಾಡುತ್ತಾರೆ. ಒಮ್ಮೆ ಒಬ್ಬ ಮಹನೀಯರು ಎರಡು ಎಡಗಾಲಿನ ಚಪ್ಪಲಿ ಮೆಟ್ಟಿ ಹೋದದ್ದನ್ನೂ, ಎರಡು ಬಲಗಾಲಿನವರು ಅವರನ್ನು ಅಲೆಗಳ ಕೊಳದವರೆಗೆ ಅಟ್ಟಿಸಿಕೊಂಡು ಹೋದದ್ದನ್ನೂ ನಾನು ದಿನಾಂಕ ಸಹಿತ ಬರೆದಿಟ್ಟಿದ್ದೇನೆ. ಕಪಾಟನ್ನು ಹಳಿಯ ಆಚೆ ಬದಿಗೆ ಸರಿಸಿ, ಚಪ್ಪಲಿಯನ್ನು ಬಂಡಿಯ ಮೂಲಕ ದಾಟಿಸಿದರೆ ಒಂದು ನಿಮಿಷ ಉಳಿಯುತ್ತದೆ. ಹೇಳಿದರೆ ಯಾರು ಕೇಳಬೇಕು?

ಆದರೆ ನನ್ನ ಹೊಟ್ಟೆಯುರಿಗೆ ಮೂಲಕಾರಣ ಚಪ್ಪಲಿಯಲ್ಲ, ಶೆಡ್ಡಿನಲ್ಲಿ ನಿಂತಿರುವ ಹಳದಿ ಬಂಡಿ. ಸಾಲಿನ ಮೂರನೆಯ ತಿರುವಿನಲ್ಲಿ ತಗಡಿನ ಸಂದಿಯಿಂದ ಇಣುಕಿದರೆ ಅದು ಕಾಣುತ್ತದೆ. ಧೂಳು ಕುಳಿತಿದೆ, ಮುಂದಿನ ಆಸನದ ಮೇಲೆ ಯಾರೋ ಒರೆಸುವ ಬಟ್ಟೆ ಹರವಿದ್ದಾರೆ. ಅದನ್ನೂ ಹಳಿಗೆ ಬಿಟ್ಟರೆ, ಕೆಂಪು ಬಂಡಿ ಓಡುತ್ತಿರುವಾಗ ಹಳದಿಗೆ ಜನ ಹತ್ತಿಸಬಹುದು. ಗಂಟೆಗೆ ನಾನೂರರ ಹತ್ತಿರ ಜನ ಸವಾರಿ ಮಾಡಬಹುದು. ಇದು ತಿಳಿಯಲು ಆಡಳಿತ ನಿರ್ವಹಣೆಯ ಪದವಿ ಬೇಕಿಲ್ಲ. ಒಂದು ಹೆಂಚಿನಲ್ಲಿ ದೋಸೆ ಬೇಯುತ್ತಿರುವಾಗ ಇನ್ನೊಂದರಲ್ಲಿ ಹುಯ್ಯುವುದು ಯಾವ ಗೃಹಿಣಿಗೆ ಗೊತ್ತಿಲ್ಲ?

ಈ ಕುರಿತು ನಾಲ್ಕು ಪತ್ರ ಬರೆದೆ, ಕೋಷ್ಟಕ ಸಮೇತ. ನಾಲ್ಕಕ್ಕೂ ಒಂದೇ ಉತ್ತರ ಬಂತು: ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮ್ಮ ಪುಟಾಣಿಗಳು ನಮ್ಮಲ್ಲಿ ಸಂತೋಷವಾಗಿ ಕಾಲ ಕಳೆದರೆಂದು ನಂಬಿದ್ದೇವೆ.’ ನಮ್ಮ ಪುಟಾಣಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ‘ಅಮ್ಮ, ನನ್ನ ಗೆಳತಿಯರಿಗೆ ಮಾತ್ರ ಹೇಳಬೇಡ’ ಎಂದು ಪ್ರಮಾಣ ಮಾಡಿಸಿಕೊಂಡಿದ್ದಾಳೆ.

ಐದನೆಯ ಪತ್ರಕ್ಕೆ ಉತ್ತರದ ಜೊತೆ ಒಂದು ಕಾರ್ಡೂ ಬಂತು. ‘ವಿಶೇಷ ಅಭಿಮಾನಿ’ ಎಂದು ಚಿನ್ನದ ಅಕ್ಷರ, ಟಿಕೆಟಿನಲ್ಲಿ ಶೇಕಡ 10 ರಿಯಾಯಿತಿ. ಎದೆಯುಬ್ಬಿ ಬಂದದ್ದು ನಿಜ. ಹಿಂಬದಿಯನ್ನು ಓದಲು ಮಾತ್ರ ಯಜಮಾನರ ಕನ್ನಡಕದ ಮೇಲೆ ನನ್ನ ಕನ್ನಡಕ ಇಡಬೇಕಾಯಿತು. ಶನಿವಾರ, ಭಾನುವಾರ, ಸರ್ಕಾರಿ ರಜಾದಿನ, ಬೇಸಿಗೆ ರಜೆ, ದಸರಾ ರಜೆ, ಹಬ್ಬದ ಹಿಂದಿನ ಮತ್ತು ಮುಂದಿನ ದಿನ ಕಾರ್ಡು ನಡೆಯುವುದಿಲ್ಲ. ನಾನು ಬ್ಯಾಂಕಿನಲ್ಲಿ ಕುಳಿತಿರುವ ದಿನಗಳನ್ನು ಯಾರೋ ಹಾಜರಿ ಪುಸ್ತಕ ನೋಡಿಯೇ ಆರಿಸಿದಂತಿತ್ತು.

ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ತೋಡಿಕೊಂಡೆ. ಅವನೂ ನನ್ನ ಜಾತಿಯವನೇ. ಅಲ್ಲಿನ ಯಾವುದೋ ಉದ್ಯಾನದ ವರ್ಷದ ಪಾಸು ಇಟ್ಟುಕೊಂಡು ವರ್ಷವಿಡೀ ಗೊಣಗುತ್ತಾನೆ. ‘ಚಿಕ್ಕಮ್ಮ, ಈ ಗೋಳು ನಿಮ್ಮೊಬ್ಬರದಲ್ಲ, ಡಿಸ್ನಿಲ್ಯಾಂಡ್ ಶುರುವಾದ ದಿನದಿಂದಲೂ ಇದೆ’ ಎಂದು ಪುರಾಣ ಬಿಚ್ಚಿದ. 1955ರ ಜುಲೈ 17ರಂದು ಅನಾಹೈಮಿನಲ್ಲಿ ಅದರ ಬಾಗಿಲು ತೆರೆದಾಗ ನಕಲಿ ಟಿಕೆಟು ಹಿಡಿದವರೂ ನುಗ್ಗಿ, ಕರೆದವರಿಗಿಂತ ಬಂದವರೇ ಜಾಸ್ತಿಯಾದರಂತೆ. ಆಗಷ್ಟೇ ಹಾಕಿದ್ದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿಯ ಎತ್ತರದ ಹಿಮ್ಮಡಿ ಅದರಲ್ಲಿ ಹೂತುಕೊಂಡಿತಂತೆ. ಕೊಳಾಯಿ ಕೆಲಸದವರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿ ಬೇಕೋ ಶೌಚಾಲಯ ಬೇಕೋ ಎಂಬ ಪ್ರಶ್ನೆ ಬಂದು, ವಾಲ್ಟ್ ಡಿಸ್ನಿ ಶೌಚಾಲಯವನ್ನೇ ಆರಿಸಿಕೊಂಡರಂತೆ. ತಂಪುಪಾನೀಯ ಮಾರಲಿಕ್ಕೆ ಹೂಡಿದ ಆಟ ಎಂದು ಬಾಯಾರಿದ ಜನ ಬೈದರು. ನನಗೆ ಆ ಜನರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ನಮ್ಮ ಉದ್ಯಾನದಲ್ಲಿಯೂ ನಲ್ಲಿ ಇರುವುದು ಒಂದು ಮೂಲೆಯಲ್ಲಿ, ನೀರಿನ ಬಾಟಲಿ ಮಾರುವ ಅಂಗಡಿ ಎಂಟು ಮೂಲೆಯಲ್ಲಿ.

ಸಾಲು ತಪ್ಪಿಸಲು ಅಲ್ಲಿ 1999ರಲ್ಲಿ ‘ಫಾಸ್ಟ್‌ಪಾಸ್’ ಎಂಬುದನ್ನು ತಂದರು. ಚೀಟಿ ತೆಗೆದುಕೊಂಡು ಬೇರೆ ಕಡೆ ಸುತ್ತಾಡಿ, ಹೇಳಿದ ಹೊತ್ತಿಗೆ ಬಂದರೆ ಬೇಗ ಬಿಡುತ್ತಿದ್ದರು, ಪುಕ್ಕಟೆ. 2021ರಲ್ಲಿ ಅದನ್ನು ನಿಲ್ಲಿಸಿ, ಅದೇ ಸೌಕರ್ಯಕ್ಕೆ ದುಡ್ಡು ಕೇಳಿದರು. ಅಭಿಮಾನಿಗಳು ಹುಯಿಲೆಬ್ಬಿಸಿದರು, ಹುಯಿಲೆಬ್ಬಿಸುತ್ತಲೇ ದುಡ್ಡು ಕೊಟ್ಟರು. ಇದರಲ್ಲಿ ನನಗೇನೂ ಹೊಸದು ಕಾಣಲಿಲ್ಲ. ತಿರುಮಲದ ಮುನ್ನೂರು ರೂಪಾಯಿಯ ದರ್ಶನದ ಸಾಲಿನಲ್ಲಿ ನಿಂತು, ಪಕ್ಕದ ಧರ್ಮದರ್ಶನದ ಸಾಲಿನವರನ್ನು ಕರುಣೆಯಿಂದ ನೋಡಿದ ಪಾಪ ನನ್ನ ಲೆಕ್ಕದಲ್ಲಿಯೂ ಇದೆ.

ಲೆಕ್ಕದವಳಾಗಿ ನನಗೆ ಹಿಡಿಸಿದ್ದು ಇನ್ನೊಂದು ಕತೆ. ಅದೇ 2021ರಲ್ಲಿ ಡಿಸ್ನಿಲ್ಯಾಂಡಿನವರು ಯಾವ ದಿನಕ್ಕೂ ತಡೆಯಿಲ್ಲದ ಪಾಸನ್ನು 1,399 ಡಾಲರಿಗೆ ಮಾರಿದರು. ಕೊಂಡವರು ಹೋಗಬೇಕೆಂದಾಗ, ಆ ದಿನದ ಮುಂಗಡ ಕಾಯ್ದಿರಿಸುವಿಕೆ ಭರ್ತಿಯಾಗಿದೆ ಎಂಬ ಉತ್ತರ. ತಡೆ ಇಲ್ಲ, ಜಾಗವೂ ಇಲ್ಲ! ವಿಷಯ ಕೋರ್ಟಿಗೆ ಹೋಗಿ, 2023ರಲ್ಲಿ 95 ಲಕ್ಷ ಡಾಲರಿಗೆ ರಾಜಿಯಾಯಿತು. ಪಾಸುದಾರರು ಲಕ್ಷದ ಮೇಲಿದ್ದರು. ವಕೀಲರ ಪಾಲು ಕಳೆದು ತಲೆಗೆ ಬಂದದ್ದು 67 ಡಾಲರಿನ ಆಸುಪಾಸು. ‘ಆ ದುಡ್ಡಿನಲ್ಲಿ ಏನು ಮಾಡಿದರಂತೆ?’ ಎಂದು ಕೇಳಿದೆ. ‘ಇನ್ನೇನು ಮಾಡುತ್ತಾರೆ ಚಿಕ್ಕಮ್ಮ, ಅಲ್ಲಿಗೇ ಹೋಗಿ ಊಟ ಮಾಡಿರುತ್ತಾರೆ’ ಎಂದ.

ಊಟ ಎಂದಾಗ ಕೋಡುಬಳೆಯ ವಿಷಯ ಹೇಳಬೇಕು. ಹೊರಗಿನ ತಿಂಡಿ ನಮ್ಮ ಉದ್ಯಾನದೊಳಗೆ ನಿಷಿದ್ಧ. ಒಳಗೆ ಸಿಗುವ ಎರಡು ಇಡ್ಲಿಯ ಬೆಲೆಗೆ ನಮ್ಮ ಬೀದಿಯಲ್ಲಿ ಇಡೀ ಸಂಸಾರ ಉಣ್ಣಬಹುದು. ಯಜಮಾನರು ಹನ್ನೆರಡು ಕೋಡುಬಳೆಯನ್ನು ಒಂದಾದ ಮೇಲೊಂದು ಜೋಡಿಸಿ, ಸ್ನಾನದ ಟವೆಲಿನಲ್ಲಿ ಉರುಳೆಯಾಗಿ ಸುತ್ತಿ, ಮೇಲೆ ಒಂದು ಒದ್ದೆ ಬನಿಯನ್ ಹೊದಿಸುತ್ತಾರೆ. ಒದ್ದೆ ಬನಿಯನ್ನನ್ನು ಯಾವ ಕಾವಲುಗಾರನೂ ಮುಟ್ಟುವುದಿಲ್ಲ ಎಂಬುದು ಅವರ ಸಿದ್ಧಾಂತ. ಗೇಟಿನಲ್ಲಿ ಚೀಲ ನೋಡುವ ಹೆಂಗಸು ಪ್ರತಿ ಸಲವೂ ಬನಿಯನ್ನನ್ನು ನೋಡಿ, ಇವರ ಮುಖ ನೋಡಿ, ಮೂಗು ಅರಳಿಸಿ, ‘ಹೋಗಿ’ ಎನ್ನುತ್ತಾಳೆ. ಇಂಗಿನ ವಾಸನೆಯನ್ನು ಟವೆಲು ಎಷ್ಟೆಂದು ತಡೆದೀತು?

ಕಳೆದ ತಿಂಗಳು ಪತ್ರಗಳ ಸಹವಾಸ ಬಿಟ್ಟು, ನೇರವಾಗಿ ಕಚೇರಿಗೇ ನುಗ್ಗಿದೆ. ಹೊಸ ವ್ಯವಸ್ಥಾಪಕ, ಮೀಸೆ ಸರಿಯಾಗಿ ಮೂಡದ ಹುಡುಗ. ಹಸಿರು ಪುಸ್ತಕ ತೆರೆದು ಅವನ ಮುಂದಿಟ್ಟೆ. ಹತ್ತು ನಿಮಿಷ ಹಾಳೆ ತಿರುಗಿಸಿದ. ನಮ್ಮ ಬ್ಯಾಂಕಿನ ನಿರ್ದೇಶಕರು ನನ್ನ ವರದಿಯನ್ನು ಒಮ್ಮೆಯೂ ಅಷ್ಟು ಶ್ರದ್ಧೆಯಿಂದ ಓದಿದ್ದಿಲ್ಲ.

‘ಮೇಡಂ, ಮಂಗಳವಾರ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಲ್ಲ, ಏನದು?’

‘ಆವತ್ತು ರೋಲರ್ ಕೋಸ್ಟರಿಗೆ ಗ್ರೀಸ್ ಹಾಕುವ ದಿನ. ಸಂಜೆಯವರೆಗೆ ಬಂದ್. ನಿಮಗೆ ಗೊತ್ತಿಲ್ಲವೇ?’

ಅವನಿಗೆ ಗೊತ್ತಿರಲಿಲ್ಲ. ಬಂದು ಮೂರು ವಾರವಾಗಿತ್ತಷ್ಟೆ. ಬೆವರು ಒರೆಸಿಕೊಂಡು ಯಾರಿಗೋ ಫೋನು ಮಾಡಿ, ‘ಹಳದಿ ಬಂಡಿಯನ್ನು ಹೊರಗೆ ತನ್ನಿ’ ಎಂದ. ಆ ಕ್ಷಣಕ್ಕೆ ಮಂಗಳವಾದ್ಯ ಒಂದು ಇರಲಿಲ್ಲ, ಅಷ್ಟೇ.

ಒರೆಸುವ ಬಟ್ಟೆಯನ್ನು ತೆಗೆದು, ಎರಡು ಬಾರಿ ಖಾಲಿ ಓಡಿಸಿ ನೋಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಹಳದಿ ಬಂಡಿ ನಿಲ್ದಾಣಕ್ಕೆ ಬಂತು. ಸಾಲಿನವರು ಸೀಟಿ ಹೊಡೆದರು. ಮೊದಲ ಸಾಲಿನ ಮೊದಲ ಆಸನ ನನಗೆ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು. ಕೆಂಪು ಬಂಡಿ ನಮಗಿಂತ ಮುಂಚೆ ಹೊರಟಿತ್ತು. ನಮ್ಮದು ಟಕಟಕ ಸದ್ದು ಮಾಡುತ್ತ ಸರಪಳಿಯ ಮೇಲೆ ಏರತೊಡಗಿತು. ಇನ್ನೇನು ತುದಿ, ಕೈ ಮೇಲೆತ್ತಬೇಕು, ಅಷ್ಟರಲ್ಲಿ ಟಕ್ ಎಂದು ನಿಂತಿತು.

ಏಕೆ ನಿಂತಿತೆಂದು ಆ ಬಂಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿರುತ್ತಾರೆ. ಒಂದು ತುಂಡಿನಲ್ಲಿ ಒಂದೇ ಬಂಡಿ ಇರಬೇಕು. ಮುಂದಿನ ತುಂಡು ಖಾಲಿಯಾಗಿದೆ ಎಂದು ಸೆನ್ಸರ್ ಹೇಳದಿದ್ದರೆ ಹಿಂದಿನ ಬಂಡಿ ತಾನಾಗಿ ನಿಲ್ಲುತ್ತದೆ. ಕೆಂಪು ಬಂಡಿ ನಿಲ್ದಾಣ ಸೇರಿ, ಅದರ ಜನ ಇಳಿದು ಚಪ್ಪಲಿ ಹುಡುಕುತ್ತಿದ್ದರು. ಧೂಳು ಹಿಡಿದ ಸೆನ್ಸರ್ ಮಾತ್ರ ‘ಇನ್ನೂ ಇಲ್ಲೇ ಇದೆ’ ಎಂದು ಹಟ ಹಿಡಿದಿತ್ತು. ಒಂದೇ ಬಂಡಿ ಓಡಿಸುತ್ತಿದ್ದಷ್ಟು ದಿನ ಈ ತೊಂದರೆ ಬರುವ ಸಂಭವವೇ ಇರಲಿಲ್ಲ.

‘ಆಂಟಿ, ಹಿಂದಕ್ಕೆ ಜಾರಿಬಿಡುತ್ತೇವೆಯೇ?’ ಎಂದಳು ಹುಡುಗಿ, ಅಳುವ ದನಿಯಲ್ಲಿ.

‘ಇಲ್ಲಮ್ಮ. ಏರುವಾಗ ಟಕಟಕ ಕೇಳಿತಲ್ಲ, ಅದು ಬಂಡಿಯ ಅಡಿಯ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ಹಿಂದಕ್ಕೆ ಜಾರಲು ಅದು ಬಿಡುವುದಿಲ್ಲ’ ಎಂದೆ. ಅವಳಿಗೆ ಧೈರ್ಯ ಬಂತು. ಹಿಂದಿನ ಸಾಲಿನವರಿಗೂ ಬರಲೆಂದು, ಈ ಬಂಡಿಯನ್ನು ಹೊರಗೆ ತರಿಸಲು ನಾನು ಪಟ್ಟ ಪಾಡನ್ನು ತುಸು ಗಟ್ಟಿಯಾಗಿಯೇ ಹೇಳಿದೆ. ಹೇಳಬಾರದಿತ್ತು. ಇಪ್ಪತ್ತೆರಡು ಜೊತೆ ಕಣ್ಣುಗಳು ಬೆನ್ನಿಗೆ ನಾಟಿದ್ದು ನನಗೆ ತಿರುಗಿ ನೋಡದೆಯೇ ತಿಳಿಯಿತು.

ಮೇಲಿನಿಂದ ಉದ್ಯಾನ ಪೂರ್ತಿ ಕಾಣುತ್ತಿತ್ತು. ಸಾಲೂ ಕಂಡಿತು, ಅಂಕುಡೊಂಕಾಗಿ, ಬೆಲ್ಲಕ್ಕೆ ಮುತ್ತಿದ ಇರುವೆಯಂತೆ. ಈಗ ಅದು ಒಂದಿಂಚೂ ಸರಿಯುತ್ತಿರಲಿಲ್ಲ. ಎಲ್ಲರೂ ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದರು. ಹೊಂಗೆ ಮರದ ಕಟ್ಟೆಯ ಮೇಲೆ ಯಜಮಾನರೂ ಕಾದಂಬರಿ ಮಡಚಿ ಮೇಲೆ ನೋಡಿದರು. ಕೈ ಬೀಸಿದೆ. ಅವರೂ ಬೀಸಿದರು, ಕೈಯಲ್ಲಿ ಏನೋ ದುಂಡಗಿನದಿತ್ತು. ಪಕ್ಕದಲ್ಲಿ ಖಾಕಿ ಸೀರೆಯ ಹೆಂಗಸು. ಕಣ್ಣು ಕಿರಿದು ಮಾಡಿ ನೋಡಿದೆ. ಗೇಟಿನಲ್ಲಿ ಚೀಲ ನೋಡುವವಳೇ. ಟವೆಲು ಇಬ್ಬರ ನಡುವೆ ಬಿಚ್ಚಿಕೊಂಡಿತ್ತು. ನಾನು ಆಕಾಶದಲ್ಲಿ ತೂಗುತ್ತಿರುವಾಗ, ನಿಷೇಧಿಸಿದವಳೂ ಉಲ್ಲಂಘಿಸಿದವರೂ ಸೇರಿ ನನ್ನ ಪಾಲಿನ ಕೋಡುಬಳೆಯನ್ನು ಮುರಿಯುತ್ತಿದ್ದರು.

ಇಪ್ಪತ್ತಾರು ನಿಮಿಷದ ಮೇಲೆ ಬಂಡಿ ಮತ್ತೆ ಹೊರಟಿತು. ಆ ಎಂಬತ್ತು ಸೆಕೆಂಡು ಹೇಗಿತ್ತೆಂದರೆ, ಬಿಡಿ, ಸಾಲ ಕೊಟ್ಟವನೂ ಸಾಲಗಾರನನ್ನು ಕ್ಷಮಿಸಿಯಾನು. ಇಳಿಯುವಲ್ಲಿ ವ್ಯವಸ್ಥಾಪಕ ಹುಡುಗ ಕೈಮುಗಿದು ನಿಂತಿದ್ದ. ಹಳದಿ ಬಂಡಿ ಆಗಲೇ ಶೆಡ್ಡಿನ ಕಡೆಗೆ ಹೊರಟಿತ್ತು, ಒರೆಸುವ ಬಟ್ಟೆ ಹಿಡಿದವನೊಬ್ಬ ಅದರ ಹಿಂದೆ. ‘ಕ್ಷಮಿಸಿ ಮೇಡಂ’ ಎಂದು ಹುಡುಗ ಎಲ್ಲರಿಗೂ ಕೊಟ್ಟಂತೆ ನನಗೂ ಒಂದು ಕೂಪನ್ ಕೊಟ್ಟ: ರೋಲರ್ ಕೋಸ್ಟರ್, ಸಾಲಿಲ್ಲದೆ ಒಂದು ಉಚಿತ ಸವಾರಿ. ಈ ಸಲ ಹಿಂಬದಿಯನ್ನು ಮೊದಲೇ ಓದಿದೆ. ‘ಮಂಗಳವಾರಗಳಂದು ಮಾತ್ರ ಊರ್ಜಿತ.’

ಕಟ್ಟೆಯ ಬಳಿ ಹೋಗಿ ಅದನ್ನು ಯಜಮಾನರ ಕೈಗಿತ್ತೆ. ಅವರಿಗೆ ನನ್ನ ಹಸಿರು ಪುಸ್ತಕ ಬಾಯಿಪಾಠ. ತುಟಿಯ ಮೇಲಿನ ಕೋಡುಬಳೆಯ ಪುಡಿ ಒರೆಸಿಕೊಂಡು, ಕೂಪನ್ನನ್ನು ಜೋಪಾನವಾಗಿ ಜೇಬಿಗಿಳಿಸಿದರು.

‘ಮಂಗಳವಾರವಾದರೆ ಹೇಳು’ ಎಂದರು, ‘ಜೊತೆಗೆ ನಾನೂ ಹತ್ತುತ್ತೇನೆ.’